ಸಹಾಯ ಬೇಕು: ಪಣಂಬೂರು ಬಂದರು ಭೇಟಿಗೆ ದಿನ ಗೊತ್ತುಮಾಡುವುದು ಹೇಗೆ?

ಮೆಕ್ಯಾನಿಕಲ್ ವಿಭಾಗದ 45 ಮಕ್ಕಳನ್ನು ಪಣಂಬೂರಿನ ನವಮಂಗಳೂರು ಬಂದರಿಗೆ ಕರೆದುಕೊಂಡು ಹೋಗಲಿಕ್ಕುಂಟು. ಖಾಲಿ ಧಕ್ಕೆ ನೋಡಿ ಪ್ರಯೋಜನ ಇಲ್ಲ. ಕಲ್ಲಿದ್ದಲು ಇಳಿಸುವುದನ್ನೇ ತೋರಿಸಬೇಕು: ಕ್ರೇನಿನ ಗ್ರ್ಯಾಬ್ (ಬಾಚುವ ಬಕೆಟ್) ಹಡಗಿನ ಹೊಟ್ಟೆಯಿಂದ ಬಾಚಿ ಆಲಿಕೆಯಂಥ ದೊಡ್ಡ ಹಾಪರ್‌ಗೆ ಸುರಿಯುವುದು, ಅಲ್ಲಿಂದ ಕನ್ವೇಯರ್ ಬೆಲ್ಟ್. ಎಣ್ಣೆ, ಎಲ್‌ಪಿಜಿ ಜೆಟ್ಟಿ ಕಡೆ ಹೋಗುವ ಆಲೋಚನೆಯೇ ಇಲ್ಲ. ಮೊಬೈಲ್ ಹಿಡಿದ ಮಕ್ಕಳಿಗೆ ಅದು ಜಾಗವೂ ಅಲ್ಲ.

ಕಾಲೇಜಿನ ಪತ್ರ, ಎಲ್ಲರ ಆಧಾರ್ ಪ್ರತಿ, ಬಸ್ಸಿನ ಆರ್‌ಸಿ, ಡ್ರೈವರ್ ಲೈಸೆನ್ಸ್ ರೆಡಿ. ಹೆಲ್ಮೆಟ್, ಶೂ, ರಿಫ್ಲೆಕ್ಟರ್ ಜಾಕೆಟ್ ಕೂಡ ಹೊಂದಿಸಿ ಆಗಿದೆ.

ತೊಡಕು ದಿನಾಂಕದ್ದು. ಬಂದರು ಭೇಟಿಯ ಅರ್ಜಿಯಲ್ಲಿ ಅದನ್ನು ಮೊದಲೇ ಬರೆಯಬೇಕು. ಹಡಗಾದರೋ ಹೊರಗೆ ಸಮುದ್ರದಲ್ಲಿ ಲಂಗರು ಹಾಕುವ ಆಂಕರೇಜ್‌ನಲ್ಲಿ ಕಾಯುತ್ತಾ ಇರುತ್ತದೆ, ಧಕ್ಕೆಯಲ್ಲಿ ಹಡಗು ನಿಲ್ಲುವ ಯಾವ ಬರ್ತ್‌ಗೆ ಯಾವಾಗ ಎಂಬುದು ಕೊನೆಗಳಿಗೆಯಲ್ಲಿ ಬದಲಾಗುತ್ತದೆ. ಹಡಗಿನ ಸರಕು ಹತ್ತಿಸಿ ಇಳಿಸುವ ಸ್ಟೀವಡೋರ್ ಕಂಪನಿಯೊಂದನ್ನು ವಿಚಾರಿಸಿದರೆ ಬರ್ತಿಂಗ್ ಪಟ್ಟಿ ನೋಡಿ ಅಂದರು. ನೋಡಿದೆವು, ಇವತ್ತಿನ ಪಟ್ಟಿ ನಾಳೆಗೆ ಇಲ್ಲ. ಬದಲಿಗೆ ರಸಗೊಬ್ಬರದ ಹಡಗು ನೋಡೋಣವೆಂದರೆ, ಒಂದು ಮಳೆ ಬಂದರೂ ಹ್ಯಾಚ್ (ಹಡಗಿನ ಹೊಟ್ಟೆಯ ಬಾಯಿ) ಮುಚ್ಚಿ ಕೆಲಸ ನಿಲ್ಲಿಸುತ್ತಾರೆ.

ಇತ್ತೀಚೆಗೆ ಮಕ್ಕಳನ್ನು ಕರೆದುಕೊಂಡು ಹೋದವರು ಹೇಳಿ: ಒಂದೇ ಅರ್ಜಿಯಲ್ಲಿ ಎರಡು-ಮೂರು ದಿನಾಂಕ ಕೊಡಬಹುದಾ? ದಿನ ಬದಲಾದರೆ ಬಂದರಿನೊಳಗೆ ಬಿಡುವ ಬಸ್ಸಿನ ಪಾಸ್ ಸಮೇತ ಎಲ್ಲ ಹೊಸದಾಗಿ ಮಾಡಿಸಬೇಕಾ?