ಎಳೆದರೆ ಓಪನ್, ಬಿಟ್ಟರೆ ರೀಡಿಂಗ್ ಬೇರೆ: ಬಿರುಕು ಸ್ಟ್ರೇನ್ ಸೆನ್ಸರ್‌ಗೆ ಸಹಾಯ ಬೇಕು

ಪ್ರಶ್ನೆ:
ಸ್ಟ್ರೇನ್ ಸೆನ್ಸರ್ (ಎಳೆತವನ್ನು ರೆಸಿಸ್ಟೆನ್ಸ್ ಬದಲಾವಣೆಯಾಗಿ ತೋರಿಸುವ ಸಾಧನ) ಮಾಡಲು ಪಿಡಿಎಂಎಸ್ (ಮೆತ್ತನೆ ಸಿಲಿಕೋನ್ ರಬ್ಬರ್) ಹಾಳೆಯ ಮೇಲೆ ತೆಳುವಾಗಿ ಕ್ರೋಮಿಯಂ, ಅದರ ಮೇಲೆ 50 ನ್ಯಾನೋಮೀಟರ್ ಚಿನ್ನ ಕೂರಿಸಿದ್ದೇನೆ. ಬೆರಳಿನ ಗೆಣ್ಣಿಗೆ ಅಂಟಿಸಿ ಬೆರಳು ಎಷ್ಟು ಮಡಚುತ್ತದೆ ಎಂದು ಅಳೆಯಬೇಕು. ಸುಮಾರು 2% ಎಳೆಯುತ್ತಲೇ ಮಲ್ಟಿಮೀಟರ್ ಓಪನ್ (ಕರೆಂಟ್ ಹರಿಯುವ ದಾರಿ ಕಡಿದಿದೆ ಎಂದು) ತೋರಿಸುತ್ತದೆ. ಬಿಟ್ಟರೆ ರೀಡಿಂಗ್ ವಾಪಸ್ ಬರುತ್ತದೆ, ಆದರೆ ಪ್ರತಿ ಸಲ ಸ್ವಲ್ಪ ಜಾಸ್ತಿ. ಬಿರುಕೇ ಬಾರದಂತೆ ಚಿನ್ನ ದಪ್ಪ ಮಾಡಲೇ?

ಉತ್ತರ:
ದಪ್ಪ ಮಾಡಬೇಡಿ, ಬಿರುಕು ಇರಲಿ. ಮಾಮೂಲಿ ಫಾಯಿಲ್ ಗೇಜ್‌ನ (ತೆಳು ಲೋಹದ ಹಾಳೆಯ ಸ್ಟ್ರೇನ್ ಸೆನ್ಸರ್) ಗೇಜ್ ಫ್ಯಾಕ್ಟರ್, ಅಂದರೆ ಎಳೆತಕ್ಕೆ ರೆಸಿಸ್ಟೆನ್ಸ್ ಎಷ್ಟು ಪಟ್ಟು ಬದಲಾಗುತ್ತದೆ ಎಂಬ ಸೂಕ್ಷ್ಮತೆಯ ಅಳತೆ, ಸುಮಾರು 2. ಜೇಡದ ಕಾಲಿನ ಸೀಳುಗಳನ್ನು ನೋಡಿ 2014ರಲ್ಲಿ ದಕ್ಷಿಣ ಕೊರಿಯಾದ ಸಂಶೋಧಕರು 20 ನ್ಯಾನೋಮೀಟರ್ ಪ್ಲಾಟಿನಂ ಪದರದಲ್ಲಿ ಬೇಕೆಂದೇ ಬಿರುಕು ಬಿಡಿಸಿ ಅದನ್ನು 2000 ದಾಟಿಸಿದರು. ಎಷ್ಟು ಚೆಂದದ ಕೆಲಸ! ಆದರೆ ಅದು 2% ಒಳಗಿನ ಮಾತು. ಗೆಣ್ಣಿನ ಮೇಲೆ ಚರ್ಮ ಹತ್ತಾರು ಪರ್ಸೆಂಟ್ ಹಿಗ್ಗುತ್ತದೆ.

ಎಳೆದು ಹಿಡಿದೇ ಮೈಕ್ರೋಸ್ಕೋಪಿನಲ್ಲಿ ನೋಡಿ. ಬಿಟ್ಟ ಮೇಲೆ ಬಿರುಕು ಮುಚ್ಚಿ ಕಾಣುವುದಿಲ್ಲ. ವೈರ್ ಜೋಡಿಸಲು ಹಚ್ಚಿದ ಸಿಲ್ವರ್ ಪೇಸ್ಟ್‌ನ ಅಂಚನ್ನೂ ನೋಡಿ. ಗಟ್ಟಿ ಪೇಸ್ಟ್ ಮುಗಿದು ಮೆತ್ತನೆ ಹಾಳೆ ಶುರುವಾಗುವಲ್ಲೇ ಹರಿದಿರುವುದು ತುಂಬಾ ಸಾಮಾನ್ಯ.

ಪ್ರಶ್ನೆ ಕೇಳಿದವರು:
ಪೇಸ್ಟ್ ಹತ್ತಿರ ಸರಿಯಿದೆ. ನಡುವೆ ಎಳೆತಕ್ಕೆ ಅಡ್ಡಲಾಗಿ ನೇರ ಗೆರೆಗಳು, ಒಂದಂಚಿನಿಂದ ಇನ್ನೊಂದಂಚಿನವರೆಗೆ.

ಉತ್ತರ:
ಹಾಗಾದರೆ ಓಪನ್ ಆಗುವುದಕ್ಕೆ ಅದೇ ಕಾರಣ. ಅಂಚಿನಿಂದ ಅಂಚಿಗೆ ಸೀಳಿದ ಒಂದೇ ಒಂದು ಬಿರುಕು ಪೂರ್ತಿ ಬಾಯಿ ಬಿಟ್ಟರೂ ಕರೆಂಟಿಗೆ ದಾರಿಯಿಲ್ಲ. ನಿಮಗೆ ಬೇಕಾದ್ದು ಬಲೆಯಂತೆ ಹರಡಿದ, ತುಂಡು ತುಂಡಾದ ಬಿರುಕು. ಅದರಲ್ಲಿ ಕರೆಂಟು ಸುತ್ತಿ ಬಳಸಿಯಾದರೂ ದಾಟುತ್ತದೆ. ಲೋಹದ ಅಡಿಯಲ್ಲಿ ಕಾರ್ಬನ್ ನ್ಯಾನೋಟ್ಯೂಬ್ ಅಥವಾ ಸಿಲ್ವರ್ ನ್ಯಾನೋವೈರ್ ಪದರ ಹಾಕಿ, ಬಿರುಕಿನ ಎರಡು ದಡಕ್ಕೂ ಅದು ಸೇತುವೆಯಾಗುತ್ತದೆ. ಸೂಕ್ಷ್ಮತೆ ಇಳಿಯುತ್ತದೆ, ವ್ಯಾಪ್ತಿ ಹಿಗ್ಗುತ್ತದೆ. ಗೆಣ್ಣಿಗೆ ಈ ಚೌಕಾಸಿ ಲಾಭದ್ದೇ. ನಾಡಿ ಬಡಿತ ಹಿಡಿಯುವುದಾದರೆ ಈಗಿನ ಸೆನ್ಸರನ್ನು ಮುಟ್ಟಬೇಡಿ ಎನ್ನುತ್ತಿದ್ದೆ.

ರೀಡಿಂಗ್ ಏರುತ್ತಾ ಹೋಗುವುದು ಬೇರೆ ರೋಗ: ಪ್ರತಿ ಎಳೆತಕ್ಕೂ ಹಳೇ ಬಿರುಕುಗಳ ನಡುವೆ ಹೊಸವು ಹುಟ್ಟುತ್ತಿವೆ. ಬಳಸುವ ಮಿತಿಗಿಂತ ತುಸು ಹೆಚ್ಚೇ ಎಳೆದು, ಒಂದೇ ವೇಗದಲ್ಲಿ ಎಳೆದು ಬಿಡುತ್ತಿರಿ. ಗ್ರಾಫಿನ ಗೆರೆ ಹಿಂದಿನ ಗೆರೆಯ ಮೇಲೇ ಕೂರುವವರೆಗೆ ಮುಂದುವರಿಸಿ. ಆಮೇಲೆ ಬಿರುಕುಗಳು ಬಾಯಿ ತೆರೆದು ಮುಚ್ಚುತ್ತವಷ್ಟೆ, ಹೊಸವು ಹುಟ್ಟುವುದು ಬಹುಮಟ್ಟಿಗೆ ನಿಲ್ಲುತ್ತದೆ. ಮೇಲೆ ಪಿಡಿಎಂಎಸ್ ಹೊದಿಕೆ ಕೊಡುವುದಿದ್ದರೆ ಕ್ಯಾಲಿಬ್ರೇಷನ್‌ಗೆ ಮೊದಲೇ ಕೊಡಿ. ಹೊದಿಕೆ ಬಿದ್ದ ಮೇಲೆ ಬಿರುಕು ತೆರೆಯುವ ಅಳತೆ ಬದಲಾಗುತ್ತದೆ.