ಬರಿಸಿಕೊಂಡ ನಗುವಿನಿಂದಲೂ ಮನಸ್ಸಿಗೆ ಹಿತವಾಗುತ್ತದೆಯೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಆಸ್ಪತ್ರೆಯೊಂದರ ನೋಂದಣಿ ಕೌಂಟರಿನಲ್ಲಿ ಒಂಬತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಬಂದವರನ್ನೆಲ್ಲ ನಗುಮುಖದಿಂದ ಮಾತನಾಡಿಸಬೇಕು ಎಂಬುದು ನಮಗಿರುವ ನಿಯಮ. ಈಚೆಗೆ ಉದ್ಯಾನದಲ್ಲಿ ಬೆಳಿಗ್ಗೆ ಸೇರುವ ನಗೆಕೂಟಕ್ಕೆ ಹೋಗತೊಡಗಿದ್ದೇನೆ. ನಿಜವಾದ ನಗುವಿಗೂ ಬರಿಸಿಕೊಂಡ ನಗುವಿಗೂ ದೇಹಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ, ಎರಡರ ಲಾಭವೂ ಒಂದೇ ಎಂದು ಅಲ್ಲಿ ಹೇಳುತ್ತಾರೆ. ಹಾಗಿದ್ದರೆ ದಿನಕ್ಕೆ ಎಂಟು ಗಂಟೆ ನಗುವ ನಾನು ಸಂಜೆಯ ಹೊತ್ತಿಗೆ ಹಗುರವಾಗಿರಬೇಕಿತ್ತು. ಆದರೆ ಮನೆ ಸೇರುವಾಗ ಕೆನ್ನೆಗಳು ಬಿಗಿದಿರುತ್ತವೆ, ಮಕ್ಕಳೊಡನೆ ಮಾತೂ ಬೇಡವೆನಿಸುತ್ತದೆ. ಇದಕ್ಕೆ ಕಾರಣವೇನು?

ಉತ್ತರ 1

ಮೇಡಂ, ನಾನು ಅಂಗರಚನಾಶಾಸ್ತ್ರ ಕಲಿಸುವವನು. ನನಗೆ ತಿಳಿದಷ್ಟನ್ನು ಹೇಳುತ್ತೇನೆ. ತುಟಿಯ ಮೂಲೆಯನ್ನು ಮೇಲಕ್ಕೆಳೆಯುವುದು ಕೆನ್ನೆಯ ಮೂಳೆಯಿಂದ ಇಳಿದುಬರುವ ಜೈಗೋಮ್ಯಾಟಿಕಸ್ ಮೇಜರ್ ಎಂಬ ಸ್ನಾಯು. ಕಣ್ಣಂಚಿನಲ್ಲಿ ನೆರಿಗೆ ಮೂಡಿಸುವುದು ಕಣ್ಣನ್ನು ಬಳಸಿರುವ ಆರ್ಬಿಕ್ಯುಲಾರಿಸ್ ಆಕ್ಯುಲೈ. ಫ್ರಾನ್ಸಿನ ವೈದ್ಯ ಡ್ಯೂಶೆನ್, ಮುಖದ ಸ್ಪರ್ಶಜ್ಞಾನ ಕಳೆದುಕೊಂಡಿದ್ದ ಹಲ್ಲಿಲ್ಲದ ವೃದ್ಧನೊಬ್ಬನ ಕೆನ್ನೆಗೆ ವಿದ್ಯುತ್ ಹಾಯಿಸಿ ಛಾಯಾಚಿತ್ರ ತೆಗೆಸಿ, 1862ರಲ್ಲಿ ಪ್ರಕಟಿಸಿದರು. ತುಟಿ ಅರಳಿದರೂ ಕಣ್ಣು ಅದರೊಡನೆ ಅರಳಲಿಲ್ಲ. ಕಣ್ಣಿನ ಸ್ನಾಯು ನಮ್ಮ ಇಚ್ಛೆಗೆ ಮಣಿಯುವುದಿಲ್ಲವೆಂದು ಅವರು ನಂಬಿದ್ದರು. ಅದನ್ನೂ ಬೇಕೆಂದೇ ಬಿಗಿಯಬಲ್ಲವರು ಅನೇಕರಿದ್ದಾರೆಂದು ಈಗ ತಿಳಿದಿದೆ.

ನಗು ಎರಡು ದಾರಿಗಳಲ್ಲಿ ಬರುತ್ತದೆ ಎಂಬುದಕ್ಕೆ ಪಾರ್ಶ್ವವಾಯುವಿನ ರೋಗಿಗಳೇ ಸಾಕ್ಷಿ. ಹಲ್ಲು ತೋರಿಸಿ ಎಂದಾಗ ಬಾಯಿಯ ಒಂದೇ ಬದಿ ಏಳುವ ರೋಗಿ, ಮೊಮ್ಮಗು ಒಳಗೆ ಓಡಿಬಂದ ಕ್ಷಣದಲ್ಲಿ ಎರಡೂ ಬದಿಯಲ್ಲಿ ಸಮನಾಗಿ ನಗುವುದುಂಟು. ಆಜ್ಞೆಯ ನಗು ಮಿದುಳಿನ ಹೊರಪದರದ ಚಾಲಕ ಭಾಗದಿಂದ ಹೊರಡುತ್ತದೆ, ಭಾವದ ನಗುವಿಗೆ ಬೇರೆ ಹಾದಿಯಿದೆ. ಆದ್ದರಿಂದ ವ್ಯತ್ಯಾಸವೇ ಇಲ್ಲವೆಂಬ ಮಾತನ್ನು ನಾನು ಒಪ್ಪಲಾರೆ.

ಉತ್ತರ 2

ಮೇಲಿನ ಮಾತಿಗೆ ಒಂದು ಸೇರ್ಪಡೆ. ಎರಡರ ಹಾದಿ ಬೇರೆಯಾದರೂ ಬರಿಸಿಕೊಂಡ ನಗು ವ್ಯರ್ಥವೆಂದು ಅರ್ಥವಲ್ಲ. ಪೆನ್ನನ್ನು ಹಲ್ಲಿನಲ್ಲಿ ಕಚ್ಚಿಕೊಂಡರೆ ಮುಖ ನಕ್ಕಂತಾಗುತ್ತದೆ, ತುಟಿಯಲ್ಲಿ ಹಿಡಿದರೆ ನಗಲಾಗದು. 1988ರಲ್ಲಿ ಮನೋವಿಜ್ಞಾನಿ ಫ್ರಿಟ್ಜ್ ಸ್ಟ್ರಾಕ್ ಮತ್ತು ಸಂಗಡಿಗರು, ಹಲ್ಲಿನಲ್ಲಿ ಕಚ್ಚಿಕೊಂಡವರಿಗೆ ವ್ಯಂಗ್ಯಚಿತ್ರಗಳು ಹೆಚ್ಚು ತಮಾಷೆಯಾಗಿ ಕಂಡವು, ತುಟಿಯಲ್ಲಿ ಹಿಡಿದವರಿಗೆ ಅಷ್ಟಾಗಿ ಕಾಣಲಿಲ್ಲ ಎಂದು ವರದಿ ಮಾಡಿದರು. 2016ರಲ್ಲಿ 17 ಪ್ರಯೋಗಾಲಯಗಳು ಅದನ್ನೇ ಮತ್ತೆ ಮಾಡಿ ನೋಡಿದಾಗ ಆ ಫಲಿತಾಂಶ ಸಿಗಲಿಲ್ಲ. ಬಳಿಕ ನಿಕೊಲಸ್ ಕೋಲ್ಸ್ ಅವರ ನೇತೃತ್ವದಲ್ಲಿ 19 ದೇಶಗಳ 3,878 ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಗುವವರ ಚಿತ್ರ ನೋಡಿ ಅನುಕರಿಸಿದವರಿಗೂ ತುಟಿ-ಕೆನ್ನೆಗಳನ್ನು ತಾವಾಗಿ ಎತ್ತಿದವರಿಗೂ ಸಂತೋಷ ತುಸು ಹೆಚ್ಚಿತು. ಪೆನ್ನಿನ ವಿಷಯ ಮಾತ್ರ ಇತ್ಯರ್ಥವಾಗಲಿಲ್ಲ. ‘ತುಸು’ ಎಂಬ ಪದವನ್ನು ಬೇಕೆಂದೇ ಬಳಸಿದ್ದೇನೆ. ಆ ಪ್ರಯೋಗಗಳಲ್ಲಿ ಜನ ನಕ್ಕದ್ದು ಕೆಲವೇ ಕ್ಷಣ; ನಿಮ್ಮ ಎಂಟು ಗಂಟೆಗೆ ಅದನ್ನು ಅಳತೆಗೋಲಾಗಿ ಹಿಡಿಯಲಾಗದು.

ಉತ್ತರ 3

ನಾನು ಹೋಟೆಲಿನ ಸ್ವಾಗತಕಾರ್ಯದಲ್ಲಿ ಇಪ್ಪತ್ತು ವರ್ಷ ದುಡಿದವಳು. ನಿಮ್ಮ ಬಿಗಿದ ಕೆನ್ನೆಗಳ ಅನುಭವ ನನಗೂ ಇದೆ. ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ಗಗನಸಖಿಯರ ಕೆಲಸವನ್ನು ಅಧ್ಯಯನ ಮಾಡಿ, ಸಂಬಳಕ್ಕಾಗಿ ಭಾವವನ್ನು ತೋರುವುದೂ ಒಂದು ದುಡಿಮೆ ಎಂದು ಬರೆದರು. ಒಳಗೆ ಒಂದು, ಮುಖದ ಮೇಲೆ ಇನ್ನೊಂದು ಎಂದು ದಿನವಿಡೀ ನಡೆಸಿದರೆ ಬಳಲಿಕೆ ಹೆಚ್ಚುತ್ತದೆ ಎಂಬುದನ್ನು ನಂತರದ ಅನೇಕ ಅಧ್ಯಯನಗಳೂ ಹೇಳಿವೆ. ಅಕ್ಕ, ನಿಮಗೆ ಸುಸ್ತಾಗುತ್ತಿರುವುದು ನಿಮ್ಮ ದೋಷವಲ್ಲ. ಸರದಿಯ ನಡುವೆ ಹತ್ತು ನಿಮಿಷ ಯಾರ ಮುಖವನ್ನೂ ನೋಡದೆ ಕೂರಲು ಬಿಡುವು ಕೇಳಿ; ಅದು ನ್ಯಾಯವಾದ ಬೇಡಿಕೆ.

ನಗೆಕೂಟವನ್ನು ಮಾತ್ರ ಬಿಡಬೇಡಿ. ವೈದ್ಯ ಮದನ್ ಕಟಾರಿಯಾ 1995ರಲ್ಲಿ ಮುಂಬಯಿಯ ಉದ್ಯಾನದಲ್ಲಿ ಐವರೊಡನೆ ಆರಂಭಿಸಿದ ಈ ಅಭ್ಯಾಸದಲ್ಲಿ ನಗು ಬರಿಸಿಕೊಂಡದ್ದೇ ಆದರೂ ಅಲ್ಲಿ ಉಸಿರು ಬಿಚ್ಚುತ್ತದೆ, ಎದುರಿನವರ ನಗು ನಮಗೂ ಅಂಟುತ್ತದೆ, ಸಾಕೆನಿಸಿದಾಗ ನಿಲ್ಲಿಸುವ ಸ್ವಾತಂತ್ರ್ಯವೂ ಇದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಇವತ್ತು ಕೌಂಟರಿಗೆ ಬಂದ ಅಜ್ಜಿಯೊಬ್ಬರು ಸೆರಗಿನ ಗಂಟು ಬಿಚ್ಚಿ, ಮಡಿಕೆ ಸವೆದ ಹಳೆಯ ಚೀಟಿಯನ್ನು ನನ್ನ ಮುಂದಿಟ್ಟು, “ಇದೇ ಅಲ್ವೇನಮ್ಮ?” ಎಂದು ನಕ್ಕರು. ನನ್ನ ಮುಖದಲ್ಲೂ ನಗು ಬಂದಿತ್ತು, ಅದನ್ನು ನಾನು ತರಿಸಿಕೊಂಡಿರಲಿಲ್ಲ. ಬಿಡುವಿನ ವಿಷಯವನ್ನು ಸೋಮವಾರ ಮೇಲ್ವಿಚಾರಕರ ಬಳಿ ಬರವಣಿಗೆಯಲ್ಲೇ ಕೇಳುತ್ತೇನೆ.