ಅಪ್ಪ ಹೋಗಿ ಆರು ದಿನ, ಟೀಮಿನವರು ಕರೆಯುತ್ತಿದ್ದಾರೆ. ಅನುಭವ ಇದ್ದವರು ಹೇಳ್ರಿ

ಮುಧೋಳದ ರೇಡರ್:
ಎಲ್ಲರಿಗೂ ನಮಸ್ಕಾರ. ಕಬಡ್ಡಿ ಆಡುತ್ತೇನೆ, ಸೀಸನ್ನಿಗೆ ಇಷ್ಟು ಅಂತ ಕರಾರು. ಕ್ಯಾಂಪ್ ಪುಣೆಯಲ್ಲಿ. ಅಪ್ಪ ತೀರಿಕೊಂಡು ಇವತ್ತಿಗೆ ಆರು ದಿನ. ಮಣ್ಣಿಗೆ ಬಂದು ಮುಟ್ಟಿದೆ, ಅದೇ ಪುಣ್ಯ. ಒಂಬತ್ತನೇ ದಿನ ಒಂದು ಮ್ಯಾಚ್, ಹನ್ನೊಂದಕ್ಕೆ ಇನ್ನೊಂದು. ಮನೆಯಲ್ಲಿ ಕಾರ್ಯವೂ ಹನ್ನೊಂದಕ್ಕೇ. ನಾನೇ ಹಿರಿಮಗ. ಅವ್ವ ‘ಹೋಗಪಾ’ ಅನ್ನುತ್ತಾಳೆ, ಕಾಕಾ ‘ಹೋಗಿ ನೋಡು’ ಅಂತ ಗದರಿಸುತ್ತಾನೆ. ನೀವೆಲ್ಲ ಏನು ಮಾಡಿದಿರಿ?

ಹಳೇ ಗೋಲ್‌ಕೀಪರ್, ಬೆಳಗಾವಿ:
2011. ಕೋಲ್ಕತ್ತಾದಲ್ಲಿ ಟೂರ್ನಮೆಂಟ್. ಸೆಮಿಫೈನಲ್ ಆದ ರಾತ್ರಿ ಅವ್ವ ಹೋದಳು ಅಂತ ಫೋನ್ ಬಂತು. ವಿಮಾನದ ಟಿಕೆಟ್ 14,200 ರೂಪಾಯಿ. ನನ್ನ ಕೈಯಲ್ಲಿ ಆರು ಸಾವಿರ. ಮ್ಯಾನೇಜರ್ ‘ಎರಡನೇ ಕೀಪರ್‌ಗೆ ಭುಜ ನೋವು, ನೀನೇ ನೋಡು’ ಅಂದರು. ನೋಡಿದೆ. ಉಳಿದೆ. ಫೈನಲ್ ಪೆನಾಲ್ಟಿಗೆ ಹೋಯಿತು. ಐದರಲ್ಲಿ ಒಂದೂ ಹಿಡಿಯಲಿಲ್ಲ. ನಾಲ್ಕನೆಯದು ಕೈಗೆ ತಾಗಿ ಒಳಗೆ ಹೋಯಿತು, ಬಲಗೈ ಗ್ಲೋವ್ಸ್ ತುದಿಗೆ. ಆ ಗ್ಲೋವ್ಸ್ ಇನ್ನೂ ಟ್ರಂಕಿನಲ್ಲಿದೆ. ರನ್ನರ್ಸ್ ಅಪ್ ಹಣದಲ್ಲಿ ನನ್ನ ಪಾಲು 3,500. ಅದರಲ್ಲೂ ಊಟದ ಖರ್ಚು ಅಂತ 400 ಹಿಡಿದರು. ಮನೆಗೆ ಬಂದಾಗ ಐದನೇ ದಿನ. ಅಂಗಳದಲ್ಲಿ ಪೆಂಡಾಲಿನ ಗೂಟದ ಕುಣಿ ಮಾತ್ರ ಇದ್ದವು. ತಮ್ಮಾ, ಹೋಗಬೇಡ.

ಚೈನು ಬಿದ್ದ ಸೈಕಲ್, ವಿಜಯಪುರ:
ನಾನು ಉಲ್ಟಾ. ದೆಹಲಿಯಲ್ಲಿ ಕ್ಯಾಂಪ್. ಅಪ್ಪನನ್ನು ಐಸಿಯುಗೆ ಹಾಕಿದ್ದಾರೆ ಅಂದ ಕೂಡಲೇ ಹೊರಟೆ. ಕರ್ನಾಟಕ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿ, ಸೊಲ್ಲಾಪುರದಲ್ಲಿ ಇಳಿದೆ. ಅಲ್ಲಿಂದ ಬಸ್ಸು. ಕಂಡಕ್ಟರ್ ಸೈಕಲ್ಲು ಒಳಗೆ ಬೇಡ ಅಂದ. ಟಾಪ್ ಮೇಲೆ ಕಟ್ಟಿದೆ. ಇಳಿಸುವಾಗ ನೋಡಿದರೆ ಮುಂದಿನ ವ್ಹೀಲ್ ಹಪ್ಪಳ. ಕಾರ್ಬನ್ ವ್ಹೀಲ್, 38,000. ಅಪ್ಪನೇ ಎತ್ತು ಮಾರಿ ಕೊಡಿಸಿದ್ದು. ಅಪ್ಪ ಎರಡು ದಿನ ಸಿಕ್ಕರು. ಬಾಯಿಗೆ ನೀರು ಬಿಟ್ಟವಳು ನಾನೇ. ವಾಪಸ್ ಹೋದಾಗ ಇಪ್ಪತ್ತು ದಿನ ಆಗಿತ್ತು, ಕಾಲಲ್ಲಿ ಏನೂ ಉಳಿದಿರಲಿಲ್ಲ. ಟ್ರಯಲ್ಸ್‌ನಲ್ಲಿ ಏಳನೆಯವಳಾದೆ, ಆರು ಜನ ಬೇಕಿತ್ತು. ಸ್ಪೋರ್ಟ್ಸ್ ಕೋಟಾ ನೌಕರಿಯೂ ಅದರ ಹಿಂದೆಯೇ ಹೋಯಿತು. ಇರಲಿ. ನನಗೆ ಬೇಜಾರಿಲ್ಲ. ವ್ಹೀಲ್ ನೆನಪಾದಾಗ ಮಾತ್ರ.

ಜಮಖಂಡಿ ಪೈಲ್ವಾನ್:
ಎಲ್ಲರೂ ಅಳಿಸುತ್ತಿದ್ದೀರಲ್ಲ. 2006ರ ಡಿಸೆಂಬರ್, ದೆಹಲಿಯ ಕೋಟ್ಲಾ ಮೈದಾನ, ರಣಜಿ ಕ್ರಿಕೆಟ್. ಎದುರಿಗೆ ನಮ್ಮ ಕರ್ನಾಟಕವೇ. ಕೊಹ್ಲಿ 40 ನಾಟೌಟ್. ರಾತ್ರಿ ಅಪ್ಪ ತೀರಿಕೊಂಡರು. ಬೆಳಿಗ್ಗೆ ಬಂದು 90ರವರೆಗೆ ಆಡಿ ಆಮೇಲೆ ಅಂತ್ಯಕ್ರಿಯೆಗೆ ಹೋದ. ಆಗ ವಯಸ್ಸು 18. ನಾನೂ ಹೋದವನೇ. ಅಪ್ಪ ಸತ್ತು ಏಳನೇ ದಿನಕ್ಕೆ ಕುಸ್ತಿ, 74 ಕೆಜಿ. ಊಟ ಸೇರುತ್ತಿರಲಿಲ್ಲ, ತೂಕ ತಾನೇ ಇಳಿದು 73.6ಕ್ಕೆ ನಿಂತಿತ್ತು. ತೊಂದರೆ ಆಗಿದ್ದು ಗಡ್ಡದ್ದು. ಹನ್ನೊಂದು ದಿನ ತೆಗೆಯುವಂತಿಲ್ಲ ಅಂತ ಮನೆಯಲ್ಲಿ. ಕುರುಚಲು ಗಡ್ಡ ಇದ್ದರೆ ಮ್ಯಾಟಿಗೆ ಬಿಡುವುದಿಲ್ಲ ಅಂತ ಅಲ್ಲಿ. ಒಂದೋ ನುಣ್ಣಗೆ ಇರಬೇಕು, ಇಲ್ಲಾ ತಿಂಗಳುಗಟ್ಟಲೆ ಬೆಳೆದಿರಬೇಕು. ತೂಕದ ಸಾಲಿನಲ್ಲಿ ನಿಂತಿದ್ದಾಗ ಯಾರೋ ರೇಜರ್ ಕೊಟ್ಟರು. ನಲ್ಲಿ ಕೆಳಗೆ ಸೋಪಿಲ್ಲದೆ ಕೆರೆದುಕೊಂಡೆ. ಗದ್ದಕ್ಕೆ ಗಾಯ, ಅದಕ್ಕೆ ಹತ್ತಿ ಇಟ್ಟುಕೊಂಡು ಇಳಿದೆ. ಕಂಚು ಬಂತು. ಫೋಟೋದಲ್ಲಿ ನುಣ್ಣನೆ ಮುಖ ನೋಡಿ ಕಾಕಾ ಒಂದು ವರ್ಷ ಮಾತು ಬಿಟ್ಟ. ಬಿಡಲಿ. ಅಪ್ಪನೇ ತಾಲೀಮಿಗೆ ಕಳಿಸಿದ್ದು, ಕಾಕಾ ಅಲ್ಲ.

ಹಳೇ ಗೋಲ್‌ಕೀಪರ್, ಬೆಳಗಾವಿ:
ಗೆದ್ದವರಿಗೆ ಮಾತು ಬಹಳ. ಕಂಚು ಬರದಿದ್ದರೆ ಇದೇ ಕತೆಯನ್ನು ಹೇಗೆ ಹೇಳುತ್ತಿದ್ದಿರಿ? ಕೊಹ್ಲಿ ಆಡುತ್ತಿದ್ದದ್ದು ಅವನದೇ ಊರಲ್ಲಿ. ಔಟಾಗಿ ಸೀದಾ ಮನೆಗೆ ಹೋದ. ಕೋಲ್ಕತ್ತಾದಿಂದ ಬೆಳಗಾವಿಗೆ ಹಾಗೆ ಬರಲು ಆಗುತ್ತದಾ? ಸಚಿನ್ ನೋಡಿ. 1999ರ ವಿಶ್ವಕಪ್, ಅಪ್ಪ ತೀರಿಕೊಂಡರು ಅಂತ ಇಂಗ್ಲೆಂಡಿನಿಂದ ಮುಂಬೈಗೆ ಬಂದ. ಜಿಂಬಾಬ್ವೆ ಮೇಲೆ ನಾವು 3 ರನ್‌ನಿಂದ ಸೋತೆವು. ಯಾರಾದರೂ ಬೈದರಾ?

ಜಮಖಂಡಿ ಪೈಲ್ವಾನ್:
ವಾಪಸ್ ಹೋಗಿ ಕೀನ್ಯಾ ಮೇಲೆ 140 ಹೊಡೆದದ್ದು ಯಾಕೆ ನುಂಗಿದಿರಿ? ಮೇ 19ಕ್ಕೆ ಅಪ್ಪ ಹೋದರು, 23ಕ್ಕೆ ಸೆಂಚುರಿ. ಹನ್ನೊಂದು ದಿನ ಕೂತನಾ? ಬೌಲರ್ ಸಿರಾಜ್‌ಗೆ 2020ರಲ್ಲಿ ಅಪ್ಪ ತೀರಿಕೊಂಡಾಗ ಆಸ್ಟ್ರೇಲಿಯಾದಿಂದ ಬೇಕಾದರೆ ಹೋಗು ಅಂದರು. ಉಳಿದ. ಟೆಸ್ಟ್ ಸರಣಿಯಲ್ಲಿ 13 ವಿಕೆಟ್ ತೆಗೆದ. ಪೆನಾಲ್ಟಿ ಬಿಟ್ಟ ಸಿಟ್ಟನ್ನು ಈ ಹುಡುಗನ ಮೇಲೆ ಹಾಕಬೇಡ್ರಿ.

ಹಳೇ ಗೋಲ್‌ಕೀಪರ್, ಬೆಳಗಾವಿ:
ಬಾಯಿ ಸಂಬಾಳಿಸಿ ಮಾತಾಡು. ಅವ್ವನ ವಿಷಯ ಹೇಳಿದ್ದೇನೆ ನಾನು.

ಚೈನು ಬಿದ್ದ ಸೈಕಲ್, ವಿಜಯಪುರ:
ಬರೀ ಕ್ರಿಕೆಟ್ಟೇನಾ ನಿಮಗೆ? ಹಾಕಿ ಹುಡುಗಿಯರು ಕಾಣುವುದಿಲ್ವಾ? ಲಾಲ್‌ರೆಮ್‌ಸಿಯಾಮಿ 2019ರಲ್ಲಿ ಹಿರೋಶಿಮಾದಲ್ಲಿದ್ದಾಗ ಅಪ್ಪ ಹೋದರು, ಫೈನಲ್ ಆಡಿಯೇ ಮನೆಗೆ ಬಂದಳು. ವಂದನಾ ಕಟಾರಿಯಾ 2021ರಲ್ಲಿ ಬೆಂಗಳೂರಿನ ಕ್ಯಾಂಪಿನಲ್ಲಿದ್ದಳು, ಅಪ್ಪನ ಮುಖ ನೋಡಲಾಗಲಿಲ್ಲ. ಆಮೇಲೆ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ದಕ್ಷಿಣ ಆಫ್ರಿಕಾ ಮೇಲೆ ಹ್ಯಾಟ್ರಿಕ್. ಎಲ್ಲರೂ ಅವರನ್ನು ಹೊಗಳುತ್ತಾರೆ, ಹೊಗಳಲಿ. ಅವರಿಗೆ ಒಳಗೆ ಏನಾಗಿತ್ತೋ ಅವರಿಗೇ ಗೊತ್ತು. ಆದರೆ ಮನೆಗೆ ಬಂದವಳನ್ನು ಯಾರಾದರೂ ಸ್ಟೇಜಿಗೆ ಕರೆದು ಶಾಲು ಹಾಕಿದ್ದು ನೋಡಿದ್ದೀರಾ? ನನ್ನ ಕೋಚ್ ಇವತ್ತಿಗೂ ‘ಆ ಮಧ್ಯದಲ್ಲಿ ಬಿಟ್ಟು ಓಡಿದವಳು’ ಅನ್ನುತ್ತಾರೆ.

ಸಾಂಬ್ರಾ ಹುಡುಗ:
ಒಂಬತ್ತನೇ ದಿನ ಆಡಿ ಹನ್ನೊಂದಕ್ಕೆ ಊರಲ್ಲಿರಬಹುದಲ್ಲ. ಪುಣೆಯಿಂದ ಬೆಳಗಾವಿಗೆ ಸ್ಲೀಪರ್ ಹಿಡಿದರೆ ಬೆಳಿಗ್ಗೆ ಮುಟ್ಟುತ್ತದೆ.

ಜಮಖಂಡಿ ಪೈಲ್ವಾನ್:
ಮುಧೋಳಕ್ಕೆ ಹೋಗುವವನು ಬೆಳಗಾವಿಗೆ ಯಾಕೆ ಬರಬೇಕು? ಮಿರಜ್ ಮೇಲೆ ಬರಬೇಕು. ಬೆಳಗಾವಿಯವರಿಗೆ ಎಲ್ಲಾ ದಾರಿ ತಮ್ಮ ಮನೆ ಮುಂದೆಯೇ ಹೋಗಬೇಕು.

ಸಾಂಬ್ರಾ ಹುಡುಗ:
ಮಿರಜ್‌ನಲ್ಲಿ ನಡುರಾತ್ರಿ ಇಳಿದು ಸ್ಟ್ಯಾಂಡಿನಲ್ಲಿ ಸೊಳ್ಳೆ ಕಡಿಸಿಕೊಂಡಿದ್ದೀರಾ? ನಾನು ಕಡಿಸಿಕೊಂಡಿದ್ದೇನೆ.

ಹಳೇ ಗೋಲ್‌ಕೀಪರ್, ಬೆಳಗಾವಿ:
ಬಸ್ಸಿನ ಮಾತು ಬಿಡ್ರಪ್ಪಾ. ತಮ್ಮಾ, ಕರಾರಿನಲ್ಲಿ ಇಂಥದ್ದಕ್ಕೆ ರಜೆ ಎಷ್ಟು ದಿನ ಅಂತ ಬರೆದಿದೆಯಾ? ನನ್ನದರಲ್ಲಿ ಗಾಯಕ್ಕೆ ಅರ್ಧ ಪುಟ ಇತ್ತು. ಸಾವಿಗೆ ಒಂದು ಸಾಲೂ ಇರಲಿಲ್ಲ.

ಮುಧೋಳದ ರೇಡರ್:
ಎಲ್ಲಾ ಓದಿದೆ. ನನ್ನದರಲ್ಲೂ ಇಲ್ಲ ಅಣ್ಣಾ. ಒಂಬತ್ತರ ಮ್ಯಾಚ್ ಆಡಿ ಅದೇ ರಾತ್ರಿ ಹೊರಡುತ್ತೇನೆ, ಹನ್ನೊಂದರದ್ದು ಆಡುವುದಿಲ್ಲ ಅಂತ ಮ್ಯಾನೇಜರ್‌ಗೆ ಮೆಸೇಜ್ ಹಾಕಿದ್ದೇನೆ. ನೋಡಿದ್ದಾರೆ, ಉತ್ತರ ಬಂದಿಲ್ಲ. ಕಾಕಾಗೆ ಇನ್ನೂ ಹೇಳಿಲ್ಲ. ಮಿರಜ್‌ನಿಂದ ಜಮಖಂಡಿಗೆ ಬೆಳಗಿನ ಮೊದಲ ಬಸ್ಸು ಎಷ್ಟಕ್ಕೆ? ಅದನ್ನು ಯಾರೂ ಹೇಳಲಿಲ್ಲ.